ಅಪ್ಪನ ನಿಯರ್ ಸೈಡ್

ಹಳೆಯ ಕಾರಿನ ಹಿಂದಿನ ಬಾಗಿಲು ತೆಗೆದಾಗ ಒಂದು ವಾಸನೆ ಬರುತ್ತದೆ. ಬಿಸಿಲು ತಿಂದು ಬಿರಿದ ರೆಕ್ಸಿನ್ನು, ಅದರೊಳಗಿನ ನಾರು, ಎಂದೋ ಚೆಲ್ಲಿ ಆರಿದ ಪೆಟ್ರೋಲು, ಕಾಲಡಿಯ ಚಾಪೆಯಲ್ಲಿ ಕೂತ ಧೂಳು, ಎಲ್ಲ ಒಂದಾಗಿ ಮೂಗಿಗೆ ಬಡಿಯುವ ವಾಸನೆ. ಈಗಿನ ಕಾರುಗಳಲ್ಲಿ ಅದಿಲ್ಲ. ಮೆಲ್ಬರ್ನಿನ ಪಶ್ಚಿಮಕ್ಕೆ, ವೆರಿಬೀಯಿಂದ ಸ್ವಲ್ಪ ದೂರದಲ್ಲಿ, ಹಳೆಯ ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಒಂದು ಯಾರ್ಡಿನಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಕಡೆ ಗುಜರಿ ಅನ್ನುತ್ತೇವಲ್ಲ, ಅದೇ. ಗಂಡಸರು ಬಿಚ್ಚಿಕೊಟ್ಟ ಬಾಗಿಲು, ದೀಪ, ಕನ್ನಡಿಗಳನ್ನು ಒರೆಸಿ, ಯಾವ ಕಾರಿನದು, ಯಾವ ಕಡೆಯದು ಎಂದು ಚೀಟಿ ಅಂಟಿಸಿ ಕಪಾಟಿಗೆ ಏರಿಸುವುದು ನನ್ನ ಕೆಲಸ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಲಾರಿಯ ಮೇಲೆ ಹಳೆಯದೊಂದು ಇಂಗ್ಲಿಷ್ ಕಾರು ಬಂತು. ದುಂಡನೆಯ ಬಾನೆಟ್ಟು, ಅಗಲವಾದ ಬೆನ್ನು. ದೂರದಿಂದ ನೋಡಿದರೆ ನಮ್ಮ ಅಂಬಾಸಿಡರೇ. ಅದರ ಅಜ್ಜನೋ ದೊಡ್ಡಪ್ಪನೋ ಇರಬೇಕು. ಚೀಟಿಗಳ ಡಬ್ಬಿ ಹಿಡಿದು ಹತ್ತಿರ ಹೋಗಿ ಹಿಂದಿನ ಬಾಗಿಲು ಎಳೆದೆ. ಆ ವಾಸನೆ ಬಂತು. ಕೈಯಲ್ಲಿದ್ದ ಡಬ್ಬಿಯನ್ನು ನೆಲದ ಮೇಲಿಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಳಗೆ ಹೋಗಿ ಡ್ರೈವರ್ ಸೀಟಿನ ಹಿಂದೆ ಕೂತೆ. ಕೈ ತಾನಾಗಿಯೇ ಮುಂದೆ ಚಾಚಿತು. ಅಲ್ಲಿ ಒಂದು ಹೆಗಲು ಇರಬೇಕಿತ್ತು. ತಣ್ಣಗಿನ ರೆಕ್ಸಿನ್ನು ಸಿಕ್ಕಿತು.

ನಮ್ಮ ಮನೆ ಶಿರಾದಲ್ಲಿ, ಊರಿನ ಹೊರಗೆ, ಹೈವೇ ಪಕ್ಕದಲ್ಲಿತ್ತು. ಮನೆ ಅನ್ನುವುದಕ್ಕಿಂತ ಅಪ್ಪನ ಶೆಡ್ಡಿನ ಹಿಂಬದಿ ಅನ್ನುವುದೇ ಸರಿ. ಮುಂದೆ ತಗಡಿನ ಶೆಡ್ಡು, ಅದರ ಹಿಂಗೋಡೆಯೇ ನಮ್ಮ ಅಡುಗೆಮನೆಯ ಗೋಡೆ. ಅಮ್ಮ ಒಗ್ಗರಣೆ ಹಾಕಿದರೆ ಶೆಡ್ಡಿನಲ್ಲಿ ಕಾರಿನ ಕೆಳಗೆ ಮಲಗಿದ್ದ ಅಪ್ಪ ಸೀನುತ್ತಿದ್ದ. ಅಪ್ಪ ಎಂಜಿನ್ ಶುರು ಮಾಡಿದರೆ ಅಡುಗೆಮನೆಯ ತಟ್ಟೆಗಳು ಗಿಲಿಗಿಲಿ ಅನ್ನುತ್ತಿದ್ದವು. ಮುದ್ದೆಗೂ ಸಾರಿಗೂ ಸೀಮೆಎಣ್ಣೆಯ ಒಂದು ಎಳೆ ಬೆರೆತಿರುತ್ತಿತ್ತು ಎಂದು ಅಮ್ಮ ಗೊಣಗುತ್ತಿದ್ದಳು. ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ಉಂಡಾಗ ಮಾತ್ರ, ಏನೋ ಒಂದು ಕಡಿಮೆಯಾಗಿದೆ ಅನ್ನಿಸುತ್ತಿತ್ತು. ಸಂಜೆ ಕೆಲಸ ಮುಗಿಸಿದ ಅಪ್ಪ ಹಿತ್ತಲಿನ ಕಲ್ಲಿನ ಮೇಲೆ ಕೂತು ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸೀಗೆಪುಡಿಯಲ್ಲಿ ಕೈ ತೊಳೆಯುತ್ತಿದ್ದ. ನಾನು ತಂಬಿಗೆಯಿಂದ ನೀರು ಹನಿಸುತ್ತಿದ್ದೆ. ನನ್ನ ತಮ್ಮ ಮಂಜ ಆ ಕೈಗಳಿಂದ ಇಳಿದ ಕರಿಯ ನೀರು ದಾಸವಾಳದ ಬುಡದವರೆಗೆ ಹೋಗುತ್ತದೋ ಇಲ್ಲವೋ ಎಂದು ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದ.

ಹೈವೇ ಮೇಲಿನ ಉಳಿದ ಗ್ಯಾರೇಜುಗಳಲ್ಲೆಲ್ಲ ಗಾಡಿಯ ಬಲಗಡೆಗೆ ಡ್ರೈವರ್ ಸೈಡ್ ಅಂತಲೂ ಎಡಗಡೆಗೆ ಕ್ಲೀನರ್ ಸೈಡ್ ಅಂತಲೂ ಹೇಳುತ್ತಿದ್ದರು. ಈಗಲೂ ಹಾಗೇ ಹೇಳುತ್ತಾರೆ. ಅಪ್ಪ ಮಾತ್ರ ಹಾಗೆ ಹೇಳುತ್ತಿರಲಿಲ್ಲ. ಅವನು ಹುಡುಗನಾಗಿದ್ದಾಗ ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಒಬ್ಬ ಮುದಿ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವನು. ಆ ಮೇಸ್ತ್ರಿ ಇಂಗ್ಲಿಷರ ಕಾಲದ ಮಿಲಿಟರಿ ಗ್ಯಾರೇಜಿನಲ್ಲಿ ಇದ್ದವನಂತೆ. ಅವನಿಂದ ಅಪ್ಪನಿಗೆ ಬಂದ ಆಸ್ತಿ ಎರಡು ಮಾತು: ನಿಯರ್ ಸೈಡ್, ಆಫ್ ಸೈಡ್. "ಡ್ರೈವರ್ ಇವತ್ತು ಬತ್ತಾನೆ, ನಾಳೆ ಓಯ್ತಾನೆ. ಕ್ಲೀನರ್ ಇರ್ತಾನೋ ಇಲ್ವೋ ದೇವ್ರಿಗೇ ಗೊತ್ತು. ಗಾಡಿ ಮೈಗೆ ಅದರದ್ದೇ ಹೆಸರು ಇರ್ಬೇಕಮ್ಮಿ," ಎನ್ನುತ್ತಿದ್ದ. ನಿಯರ್ ಅಂದರೆ ಹತ್ತಿರದ್ದು. ಯಾರಿಗೆ ಹತ್ತಿರ? ಸ್ಟೀರಿಂಗ್ ಹಿಡಿದವನಿಗೆ. ಹಾಗಾಗಿ ಬಲಗಡೆ ನಿಯರ್ ಸೈಡು, ಎಡಗಡೆ ಆಫ್ ಸೈಡು. ಇದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ನಮ್ಮ ಮನೆಯಲ್ಲಿ ಹಾಸಿಗೆಗೂ ನಿಯರ್ ಸೈಡ್ ಇತ್ತು, ಊಟದ ಸಾಲಿಗೂ ಇತ್ತು. ಬೆಕ್ಕು ಅಟ್ಟದ ಆಫ್ ಸೈಡಿನಲ್ಲಿ ಮರಿ ಹಾಕಿತ್ತು. ಅಮ್ಮನಿಗೆ ಹಲ್ಲು ನೋವು ಬಂದಾಗ ಅಪ್ಪ ಡಾಕ್ಟರ ಮುಂದೆಯೇ "ನಿಯರ್ ಸೈಡ್ ಹಿಂದ್ಗಡೆ ಹಲ್ಲು ಸಾ" ಎಂದುಬಿಟ್ಟ. ದಾರಿಯುದ್ದಕ್ಕೂ ಅಮ್ಮ ಒಂದು ಕೆನ್ನೆ ಹಿಡಿದುಕೊಂಡೇ ಬೈದಳು: "ನಿಮ್ ಕಣ್ಣಿಗೆ ನಾನೂ ಒಂದ್ ಗಾಡಿನೇ. ಯಾವತ್ತು ಬಾನೆಟ್ ಎತ್ತಿ ನೋಡ್ತೀರೋ ಏನೋ!" ನಿಮ್ಮ ಮನೆಯಲ್ಲೂ ಇಂಥ ಮಾತುಗಳು ಇದ್ದಿರಬೇಕು. ಹೊಸ್ತಿಲು ದಾಟಿದರೆ ಯಾರಿಗೂ ಅರ್ಥವಾಗದ, ಒಳಗೆ ಮಾತ್ರ ಚಲಾವಣೆಯಲ್ಲಿದ್ದ ಮಾತುಗಳು. ಆ ಮನೆ ಹೋದ ಮೇಲೆ ಅವನ್ನು ಯಾರ ಹತ್ತಿರ ಆಡುವುದು?

ಒಂದು ಗಾಡಿ ರಿಪೇರಿಯಾದ ಮೇಲೆ ಅಪ್ಪ ಅದನ್ನು ಟ್ರಯಲ್‌ಗೆ ತೆಗೆಯುತ್ತಿದ್ದ. ಭಾನುವಾರವಾದರೆ ನಮ್ಮಿಬ್ಬರಿಗೂ ಹಿಂದಿನ ಸೀಟಿನಲ್ಲಿ ಜಾಗ. ಕಳ್ಳಂಬೆಳ್ಳದ ಕೆರೆ ಏರಿಯವರೆಗೆ ಹೋಗಿ, ಅಲ್ಲಿ ಹುರಿದ ಕಡಲೆಕಾಯಿ ತಿಂದು, ತಿರುಗಿ ಬರುವುದು. ಅಪ್ಪನ ಬೆನ್ನಿನ ಹಿಂದಿನ ಸೀಟಿಗಾಗಿ ನಮ್ಮಲ್ಲಿ ಯುದ್ಧವೇ ಆಗುತ್ತಿತ್ತು. ಅಲ್ಲಿ ಕೂತರೆ ಅಪ್ಪನ ಹೆಗಲ ಮೇಲೆ ಕೈ ಇಡಬಹುದಿತ್ತು. ಗೇರು ಬದಲಿಸುವಾಗ ಅವನ ಮೂಳೆ ಅಲುಗುವುದು ಅಂಗೈಗೆ ತಿಳಿಯುತ್ತಿತ್ತು. ಕತ್ತಿನ ಹಿಂದಿನ ಬೆವರು, ಕಾಲರಿನ ಎಣ್ಣೆ ಕಲೆ, ಕಿವಿಯ ಹಿಂದೆ ಸಿಕ್ಕಿಸಿದ ಅರ್ಧ ಬೀಡಿ, ಇಷ್ಟು ನನ್ನ ಅಪ್ಪ. ಕೊನೆಗೆ ಅಮ್ಮ ತೀರ್ಪು ಕೊಟ್ಟಳು. ಹೋಗುವಾಗ ನಿಯರ್ ಸೈಡ್ ರತ್ನಿಗೆ, ಅಂದರೆ ನನಗೆ, ಬರುವಾಗ ಮಂಜನಿಗೆ. ನ್ಯಾಯವಾದ ತೀರ್ಪೇ. ಆದರೆ ಬರುವಾಗ ಮಂಜ ಕಡಲೆಕಾಯಿ ತಿಂದು ಗಾಳಿಗೆ ನಿದ್ದೆ ಹೋಗುತ್ತಿದ್ದ. ಅವನನ್ನು ಎಳೆದು ಆಫ್ ಸೈಡಿಗೆ ಒರಗಿಸಿ ನಾನು ಮತ್ತೆ ಅಪ್ಪನ ಹಿಂದೆ ಕೂತುಬಿಡುತ್ತಿದ್ದೆ. ಎಚ್ಚರವಾದರೂ ಅವನು ಜಗಳ ತೆಗೆಯುತ್ತಿರಲಿಲ್ಲ. ಎಲ್ಲಿ ಬಿಟ್ಟರೆ ಅಲ್ಲಿ ಕೂತು ಮುಂದೆ ನೋಡುತ್ತಿದ್ದ.

ನಾನು ಏಳನೆಯ ಕ್ಲಾಸಿಗೆ ಓದು ಬಿಟ್ಟೆ. ಹೈಸ್ಕೂಲು ಊರಿನ ಆ ತುದಿಗಿತ್ತು, ಅಮ್ಮನಿಗೆ ಆಗಲೇ ಉಬ್ಬಸ ಶುರುವಾಗಿತ್ತು, ಅಪ್ಪನಿಗೂ ಒಂದು ಜೊತೆ ಕೈ ಬೇಕಿತ್ತು. ಬೆಳಿಗ್ಗೆ ಅಡುಗೆ, ಆಮೇಲೆ ಶೆಡ್ಡು. ಜಾಕಿ ಏರಿಸಿದ ಗಾಡಿಯ ಕೆಳಗಿನಿಂದ ಅಪ್ಪನ ಕೈ ಹೊರಗೆ ಬರುತ್ತಿತ್ತು. ಯಾವ ಸ್ಪ್ಯಾನರ್ ಎಂದು ಕೇಳದೆ ಆ ಅಂಗೈ ಮೇಲೆ ಇಡುವಷ್ಟು ನಾನು ಕಲಿತೆ. ರಜೆಯಲ್ಲಿ ಮಂಜನೂ ಸೇರಿಕೊಳ್ಳುತ್ತಿದ್ದ. ಅವನು ಒಂದು ನಟ್ಟಿಗೆ ಕೈ ಹಾಕುವ ಮುನ್ನ, ದೀಪ ಹಿಡಿದು ನಿಂತ ನನ್ನ ಮುಖ ನೋಡುತ್ತಿದ್ದ. ಅಪ್ಪನಿಗೆ ಕೇಳಿಸುವಂತೆ ತಪ್ಪು ಎನ್ನಲು ನನಗೆ ಮನಸ್ಸಾಗುತ್ತಿರಲಿಲ್ಲ. ಹಾಗಾಗಿ ತಪ್ಪಿದ್ದರೆ ಅವನನ್ನೇ ನೋಡುತ್ತ ನಿಲ್ಲುತ್ತಿದ್ದೆ. ಸರಿಯಿದ್ದರೆ ತಲೆ ತಗ್ಗಿಸಿ ಮುಂದಿನ ಸ್ಪ್ಯಾನರ್ ಹುಡುಕಲು ತೊಡಗುತ್ತಿದ್ದೆ. ಇದನ್ನು ನಾವು ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ಹಾಗೇ ಆಗಿಹೋಗಿತ್ತು. ಅಪ್ಪ ಗಾಡಿ ಕೆಳಗಿನಿಂದ ಎದ್ದು ಬಂದು, "ನಮ್ ಮಂಜ ಮೆಕ್ಯಾನಿಕ್ ಆಗೋದು ಗ್ಯಾರಂಟಿ, ಒಂದೂ ತಪ್ಪು ಮಾಡಲ್ಲ ನೋಡು," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನನ್ನ ಬಗ್ಗೆ, "ಅವಳಾ? ಸಾಮಾನು ಎತ್ಕೊಡ್ತಾಳೆ," ಎನ್ನುತ್ತಿದ್ದ. ಅವನು ಅದನ್ನು ಪ್ರೀತಿಯಿಂದಲೇ ಹೇಳಿದ್ದು. ನಾನು ಅದನ್ನು ಎತ್ತಿಟ್ಟುಕೊಂಡೆ.

ಮಂಜ ಡಿಪ್ಲೊಮಾ ಓದುತ್ತಿದ್ದಾಗ ಅಮ್ಮ ಹೋದಳು. ಅದಾದ ಮೇಲೆ ನನ್ನ ಮದುವೆಯಾಯಿತು. ನಮ್ಮ ಯಜಮಾನರು ಇಲ್ಲಿಗೆ ಓದಲು ಬಂದು, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದವರು. ಅವರ ಜೊತೆ ವೆರಿಬೀಗೆ ಬಂದೆ. ಇಂಗ್ಲಿಷ್ ಬಾರದ ನನಗೆ ಈ ಯಾರ್ಡಿನಲ್ಲಿ ಕೆಲಸ ಸಿಕ್ಕಿದ್ದು ಬಿಡಿಭಾಗಗಳ ಹೆಸರು ಗೊತ್ತಿದ್ದುದರಿಂದ. ಯಾರ್ಡಿನ ಯಜಮಾನ ರೋಜರ್ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಮುದುಕ. ಇಲ್ಲಿನ ಹುಡುಗರೆಲ್ಲ ಪ್ಯಾಸೆಂಜರ್ ಸೈಡ್, ಡ್ರೈವರ್ ಸೈಡ್ ಎಂದರೆ ಅವನೊಬ್ಬ ಮಾತ್ರ ನಿಯರ್ ಸೈಡ್, ಆಫ್ ಸೈಡ್ ಎನ್ನುತ್ತಿದ್ದ. ಆ ಮಾತು ಮೊದಲ ದಿನ ಕಿವಿಗೆ ಬಿದ್ದಾಗ ನನ್ನ ಕಣ್ಣು ತುಂಬಿತ್ತು. ಆ ವಾರವೆಲ್ಲ ಹುಮ್ಮಸ್ಸಿನಿಂದ ಚೀಟಿ ಅಂಟಿಸಿದೆ. ವಾರದ ಕೊನೆಗೆ ರೋಜರ್ ನನ್ನನ್ನು ಕಪಾಟಿನ ಮುಂದೆ ಕರೆದು ನಿಲ್ಲಿಸಿದ. ಅಷ್ಟು ಬಾಗಿಲುಗಳೂ ತಿರುಗುಮುರುಗು. ಅವನು ಬೈಯಲಿಲ್ಲ. ನೆಲದ ಮೇಲೆ ರಸ್ತೆ ಬರೆದು, ಫುಟ್‌ಪಾತ್ ಬರೆದು ತೋರಿಸಿದ. ನಿಯರ್ ಅಂದರೆ ಫುಟ್‌ಪಾತಿಗೆ ಹತ್ತಿರದ್ದು, ಎಡಗಡೆ. ಕುದುರೆಗಳ ಕಾಲದಿಂದ ಬಂದ ಮಾತು, ರಸ್ತೆಯ ಅಂಚಿನಲ್ಲಿ ನಿಂತು ಎಡಗಡೆಯಿಂದ ಹತ್ತುತ್ತಿದ್ದರಲ್ಲ, ಅದಕ್ಕೆ. ರಸ್ತೆಯ ನಡುವಿಗಿರುವುದು ಆಫ್. ಹುಡುಗರು ನಗುತ್ತಿದ್ದರು. ನಾನೂ ನಕ್ಕೆ. ಮೇಸ್ತ್ರಿ ತಪ್ಪಾಗಿ ಕಲಿಸಿದನೋ, ಅಪ್ಪ ತನ್ನ ಬುದ್ಧಿಗೆ ತೋಚಿದಂತೆ ತಿಳಿದುಕೊಂಡನೋ, ಈಗ ಕೇಳೋಣವೆಂದರೆ ಇಬ್ಬರೂ ಇಲ್ಲ. ನಮ್ಮ ಹಾಸಿಗೆ, ಊಟದ ಸಾಲು, ಅಮ್ಮನ ಹಲ್ಲು, ಎಲ್ಲವೂ ಅವತ್ತು ಒಂದೇ ಸಲ ಮಗುಚಿಕೊಂಡವು. ಆ ಶನಿವಾರ ಫೋನಿನಲ್ಲಿ ಅಪ್ಪ, "ಅಲ್ಲಿ ಕೆಲ್ಸ ಎಂಗೈತಮ್ಮಿ?" ಅಂದ. "ನಮ್ ಶೆಡ್ ಇದ್ದಂಗೇ ಐತಪ್ಪ," ಅಂದೆ.

ಎರಡು ವರ್ಷ ಕಳೆದ ಮೇಲೆ ಮಂಜ ಬಂದ, ಇಲ್ಲಿ ಕಾರು ಮೆಕ್ಯಾನಿಕ್ ಕೋರ್ಸಿಗೆ ಸೇರಿ. ನಮ್ಮ ಮನೆಯ ಹಿಂದಿನ ರೂಮಿನಲ್ಲೇ ಇದ್ದ. ಓದಿನ ಜೊತೆಗೆ ಕೆಲಸ ಬೇಕಿತ್ತು. ನಾನೇ ರೋಜರ್‌ಗೆ ಹೇಳಿ ಒಂದು ವಾರದ ಟ್ರಯಲ್ ಕೊಡಿಸಿದೆ. ಚೆನ್ನಾಗಿ ಮಾಡಿದರೆ ಕೆಲಸ ಕಾಯಂ, ಮುಂದೆ ವೀಸಾಕ್ಕೂ ದಾರಿ. ಮೊದಲ ದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲೇ ಓಡಿಬಂದ. "ಅಕ್ಕಾ, ಅಕ್ಕಾ! ಈ ಯಪ್ಪ ನಮ್ಮಪ್ಪನ ಭಾಷೆ ಮಾತಾಡ್ತಾನೆ ಕಣೇ! ನಿಯರ್ ಸೈಡ್ ಅಂತಾನೆ! ನೀನು ಯಾಕೆ ಇಷ್ಟು ದಿನ ಹೇಳ್ಲಿಲ್ಲ?" ಅವನ ಮುಖ ಬೆಳಗುತ್ತಿತ್ತು. ಆಗ ಹೇಳಬೇಕಿತ್ತು. ಒಂದೇ ಮಾತು ಸಾಕಿತ್ತು. ಅಷ್ಟು ಖುಷಿಯನ್ನು ಹೇಗೆ ಹಾಳುಮಾಡುವುದು ಎಂದು ಸುಮ್ಮನಾದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ನಾನು ಹುಡುಗರ ಮುಂದೆ ನಿಂತು, ನಗಿಸಿಕೊಂಡು ಕಲಿತಿದ್ದೆ. ಅವನೂ ಹಾಗೇ ಕಲಿಯಲಿ, ಕಲಿತು ನನ್ನ ಹತ್ತಿರ ಬಂದು ಕೇಳಲಿ ಎಂದು ಒಳಗೆ ಒಂದು ಆಸೆ ಇತ್ತು. ಒಂದೇ ಒಂದು ಸಲ, ಗೊತ್ತಿರುವವಳು ನಾನಾಗಬೇಕಿತ್ತು.

ಆ ವಾರದ ಕೊನೆಯಲ್ಲಿ ಒಂದು ಕಾರು ಇತ್ತು. ಆ ಮಾದರಿಯದು ಯಾರ್ಡಿನಲ್ಲಿ ಅದೊಂದೇ. ಗಿರಾಕಿಯೊಬ್ಬನಿಗೆ ಅದರ ಎಡಗಡೆಯ ಇಡೀ ಮೈ, ಬಾಗಿಲ ನಡುವಿನ ಕಂಬ ಸಮೇತ, ಒಂದು ಗೀರೂ ಇಲ್ಲದೆ ಬೇಕಾಗಿತ್ತು. ರೋಜರ್ ಮಂಜನನ್ನು ಕರೆದು, ನಿಯರ್ ಸೈಡ್ ಪೂರ್ತಿ ಉಳಿಸಿಕೋ, ಆಫ್ ಸೈಡ್ ಮೂಲಕ ಕತ್ತರಿಸು ಎಂದು ಹೇಳಿ ಫೋನಿಗೆ ಹೋದ. ಮಂಜ ಚಾಕ್‌ಪೀಸ್ ತೆಗೆದುಕೊಂಡು ಗೆರೆ ಎಳೆದ. ಎಡಗಡೆಗೆ, ಉಳಿಸಬೇಕಾದ ಕಡೆಗೇ ಎಳೆದ. ನಾನು ಅಲ್ಲೇ, ದೀಪಗಳನ್ನು ಒರೆಸುತ್ತಿದ್ದೆ. ಗೆರೆ ಎಳೆದು ಮುಗಿಸಿ ಅವನು ತಲೆಯೆತ್ತಿ ನನ್ನ ಕಡೆ ನೋಡಿದ. ಶೆಡ್ಡಿನಲ್ಲಿ ನೋಡುತ್ತಿದ್ದ ಹಾಗೆಯೇ. ನಾನು ತಲೆ ತಗ್ಗಿಸಿದೆ. ಕತ್ತರಿಸುವ ಮಿಷನ್ ಶುರುವಾಯಿತು, ಕಿಡಿ ಹಾರಿತು. ನಾನು ಆ ದೀಪದ ಗಾಜನ್ನು ಒರೆಸುತ್ತಲೇ ಇದ್ದೆ.

ರೋಜರ್ ಬಂದಾಗ ಎಲ್ಲ ಮುಗಿದಿತ್ತು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಯಾರು ನಿನಗೆ ಹೀಗೆ ಹೇಳಿಕೊಟ್ಟಿದ್ದು ಎಂದು ಕೇಳಿದ. ಮಂಜ, "ಮೈ ಫಾದರ್," ಅಂದ. ಒಬ್ಬ ಹುಡುಗ, "ನಿಮ್ಮೂರಲ್ಲಿ ಫುಟ್‌ಪಾತ್ ರಸ್ತೆ ನಡುವೆ ಇರುತ್ತಾ, ಮೇಟ್?" ಎಂದ. ಎಲ್ಲರೂ ನಕ್ಕರು. ರೋಜರ್ ನಗಲಿಲ್ಲ, ನನ್ನ ಮೊದಲ ವಾರದ ಚೀಟಿಗಳು ನೆನಪಾದವೇನೋ, ನನ್ನ ಕಡೆ ತಿರುಗಿ, ನಿಮ್ಮ ಮನೆಯಲ್ಲಿ ಹೀಗೆ ಹೇಳುತ್ತಾರೇನು ಎಂದು ಮೆಲ್ಲಗೆ ಕೇಳಿದ. ನನ್ನ ಬಾಯಿಂದ ಬಂದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ನೋ. ನಾಟ್ ಇನ್ ಅವರ್ ಹೌಸ್." ಮಂಜ ಕೈಗವಸು ಬಿಚ್ಚುತ್ತಿದ್ದವನು ಒಂದು ಕ್ಷಣ ನಿಲ್ಲಿಸಿದ, ಮತ್ತೆ ಬಿಚ್ಚಿದ. ನನ್ನನ್ನು ನೋಡಲಿಲ್ಲ.

ರೋಜರ್ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಸೋಮವಾರ ಬಾ ನೋಡೋಣ ಅಂದಿದ್ದ. ಮಂಜ ಹೋಗಲಿಲ್ಲ. ಕಾರು ಕತ್ತರಿಸಿದ ದಿನವೇ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕ, ನಿಂಗೆ ಮುಂಚೆನೇ ಗೊತ್ತಿತ್ತಾ?" ಎಂದು ಕೇಳಿದ. ನಾನು ಸಾರು ತಿರುಗಿಸುತ್ತಿದ್ದೆ. ಬೈದಿದ್ದರೆ, ಪಾತ್ರೆ ಎಸೆದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವನು, "ಆಯ್ತು ಬಿಡು. ಅಪ್ಪಂಗೆ ಮಾತ್ರ ಹೇಳ್ಬೇಡ. ಅವ್ರದು ತಪ್ಪು ಅಂತ ಅವ್ರಿಗೆ ಗೊತ್ತಾಗೋದು ಬೇಡ," ಎಂದು ಹೇಳಿ ರೂಮಿಗೆ ಹೋದ. ಕೋರ್ಸ್ ಮುಗಿಯುವ ಮೊದಲೇ ಸಿಡ್ನಿಗೆ ಹೊರಟುಹೋದ. ಈಗ ಬ್ಲ್ಯಾಕ್‌ಟೌನಿನಲ್ಲಿ ಮನೆ, ವೆಸ್ಟ್‌ಮೀಡ್ ಕಡೆ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಮಂಚ ತಳ್ಳಿಕೊಂಡು ಹೋಗುವ ಕೆಲಸ. ಒಳ್ಳೆಯ ಕೆಲಸವೇ. ಆದರೆ ಸಂಬಳಕ್ಕಾಗಿ ಅವನು ಮತ್ತೆ ಸ್ಪ್ಯಾನರ್ ಮುಟ್ಟಲಿಲ್ಲ. ಒಂದೂ ತಪ್ಪು ಮಾಡದ ಮೆಕ್ಯಾನಿಕ್ ಎಂದು ಅಪ್ಪ ಊರಿಗೆಲ್ಲ ಹೇಳಿದ್ದನಲ್ಲ, ಆ ಮೆಕ್ಯಾನಿಕ್ ಅಲ್ಲಿಗೆ ಮುಗಿದ. ಆಮೇಲೆ ನಮ್ಮ ನಡುವೆ ಜಗಳ ಏನೂ ಇರಲಿಲ್ಲ. ಹಬ್ಬಕ್ಕೆ ಫೋನು. ಊಟ ಆಯ್ತಾ, ಅಲ್ಲಿ ಚಳಿನಾ, ಮಾರ್ಟ್‌ಗೇಜ್ ಬಡ್ಡಿ ಏರಿತಂತೆ. ಇಷ್ಟೇ. ಕೇಳಿದವರಿಗೆ ಅಕ್ಕ ತಮ್ಮ ಎಷ್ಟು ಚೆನ್ನಾಗಿದ್ದಾರೆ ಅನ್ನಿಸಬೇಕು.

ಹೈವೇ ಅಗಲ ಮಾಡುವಾಗ ನಮ್ಮ ಶೆಡ್ಡೂ ಅಡುಗೆಮನೆಯೂ ಒಟ್ಟಿಗೆ ಹೋದವು. ಅಪ್ಪ ತನ್ನ ಸಾಮಾನುಗಳನ್ನು ಪಕ್ಕದ ಗ್ಯಾರೇಜಿನವರಿಗೆ ಕೊಟ್ಟು, ಮಂಜನ ಮನೆಗೆ ಬಂದು ಒಂದು ಚಳಿಗಾಲ ಇದ್ದ. ಮಧ್ಯೆ ಕೆಲವು ದಿನ ನನ್ನ ಹತ್ತಿರವೂ ಬಂದ. ಬಂದ ಮೊದಲ ದಿನದಿಂದಲೂ ಒಂದೇ ಮಾತು: "ನೀ ಕೆಲ್ಸ ಮಾಡೋ ಶೆಡ್ ತೋರ್ಸಮ್ಮಿ. ಒಂದ್ ಕಿತ ನೋಡ್ಬುಟ್ಟು ಬತ್ತೀನಿ." ಇಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಸೇಫ್ಟಿ ರೂಲ್ಸ್ ಎಂದು ಸುಳ್ಳು ಹೇಳಿದೆ. ರೋಜರ್ ಅವನ ಮುಂದೆ ಬಾಯಿ ತೆರೆದರೆ ಎಂಬ ಹೆದರಿಕೆ. ಮೂವತ್ತು ಹೆಜ್ಜೆ ನಡೆದರೆ ಸಾಕು ಉಸಿರು ಕಟ್ಟುತ್ತಿದ್ದ ಮುದುಕ, ಸಂಜೆ ನಾನು ಕೆಲಸದಿಂದ ಬರುವ ಹೊತ್ತಿಗೆ ಮನೆಯ ಗೇಟಿನ ಹತ್ತಿರ ನಿಂತಿದ್ದು, ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದು ಗ್ರೀಸಿನ ವಾಸನೆ ನೋಡುತ್ತಿದ್ದ. ಊರಿಗೆ ಮರಳಿದ ಮೇಲೆ ಚಿಕ್ಕಪ್ಪನ ಮನೆಯಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ.

ಆ ಹಳೇ ಇಂಗ್ಲಿಷ್ ಕಾರಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಇಳಿದು ಬಂದು ಮಂಜನಿಗೆ ಫೋನ್ ಮಾಡಿದೆ. ಬರ್ತೀನಿ ಕಣೋ ಅಂದೆ.

"ಬಾ ಅಕ್ಕ. ಏನು, ಈ ಕಡೆ ಯಾರ್ದಾದ್ರೂ ಫಂಕ್ಷನ್ನಾ?"

"ಏನಿಲ್ಲ. ಸುಮ್ನೆ."

"ಈ ದೇಶದಲ್ಲಿ ಸುಮ್ನೆ ಬರೋರು ಇದ್ದಾರಾ?" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು.

ಶನಿವಾರ ಹೋದೆ. ಭಾನುವಾರ ಬೆಳಿಗ್ಗೆ ಅವನ ಹೆಂಡತಿ ಡ್ಯೂಟಿಗೆ ಹೋದ ಮೇಲೆ ಮಂಜ ತನ್ನ ಕಾರನ್ನು ತೊಳೆದ, ಬಾನೆಟ್ ಎತ್ತಿ ಆಯಿಲ್ ನೋಡಿದ. ನಾನು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಆಮೇಲೆ ಅವನು ಬೆನ್ನು ನೆಟ್ಟಗೆ ಮಾಡಿ ಮಗಳನ್ನು ಕೂಗಿದ: "ಆದ್ಯಾ, ಟ್ರಯಲ್!" ನಾನು ಕಾಫಿ ಲೋಟ ಮೆಟ್ಟಿಲ ಮೇಲಿಟ್ಟು ಎದ್ದೆ. ಒಂಬತ್ತು ವರ್ಷದ ಹುಡುಗಿ ಓಡಿಬಂದು ಡ್ರೈವರ್ ಸೀಟಿನ ಹಿಂದಿನ ಬಾಗಿಲನ್ನು ನನಗಾಗಿ ತೆಗೆದು ಹಿಡಿದಳು. "ಅತ್ತೆ, ಯು ಗೆಟ್ ನಿಯರ್ ಸೈಡ್ ಗೋಯಿಂಗ್. ಐ ಗೆಟ್ ಇಟ್ ಕಮಿಂಗ್ ಬ್ಯಾಕ್. ದಟ್ಸ್ ದ ರೂಲ್."

"ಅದು ನಿಯರ್ ಸೈಡ್ ಅಲ್ಲ ಪುಟ್ಟಿ," ಎಂದು ನಾನು ಅಂದೆ. ಏಕೆ ಅಂದೆನೋ.

"ಐ ನೋ," ಅಂದಳು, ಇದೇನು ದೊಡ್ಡ ವಿಷಯ ಎನ್ನುವಂತೆ. "ಔಟ್‌ಸೈಡ್ ಇಟ್ಸ್ ದ ಅದರ್ ವನ್. ಇನ್ ಅವರ್ ಹೌಸ್ ಇಟ್ಸ್ ದಿಸ್. ಅಜ್ಜ'ಸ್ ವೇ."

ಮಂಜ ಬಾನೆಟ್ ಮುಚ್ಚುತ್ತಾ, "ಅಪ್ಪ ಬಂದಿದ್ರಲ್ಲ ಅಕ್ಕ, ಆವಾಗ ಶುರುವಾಗಿದ್ದು. ಮನೇಲಿ ಎಲ್ಲರೂ ಹಂಗೇ ಅನ್ಬೇಕು ಅಂತ ನಾನೇ ಹೇಳಿದ್ದೆ. ಅಪ್ಪ ಹೋದ್ಮೇಲೂ ಇವಳು ಬಿಡ್ಲಿಲ್ಲ," ಎಂದ. ಆ ಮಾತಿನಿಂದ ಹೊಡೆತ ತಿಂದವನು ಅವನು. ಅದನ್ನು ಮನೆತುಂಬ ಹರಡಿ ಕಾಪಾಡಿಕೊಂಡವನೂ ಅವನೇ. ನಾನು ಅಪ್ಪನನ್ನು ಗೇಟಿನ ಹತ್ತಿರವೇ ನಿಲ್ಲಿಸಿದ್ದೆ.

ಹೊರಟೆವು. ಮುಂದೆ ಅವನ ಕತ್ತು, ಅಲ್ಲಲ್ಲಿ ನರೆತ ಕೂದಲು. ನನಗೆ ಅವನ ಮುಖ ಕಾಣುತ್ತಿರಲಿಲ್ಲ. ಹಾಗಾಗಿಯೇ ಧೈರ್ಯ ಬಂದಿರಬೇಕು. ಹುಡುಗಿ ಕಿವಿಗೆ ಹಾಡು ಹಾಕಿಕೊಂಡು ಆಫ್ ಸೈಡಿನ ಕಿಟಕಿಯ ಕಡೆ ತಿರುಗಿದ್ದಳು.

"ಮಂಜ, ಅವತ್ತು ನೀನು ಚಾಕ್‌ಪೀಸಲ್ಲಿ ಗೆರೆ ಎಳೀತಿದ್ದಾಗ ನಾನು ನೋಡಿದ್ದೆ ಕಣೋ. ತಪ್ಪು ಅಂತ ಗೊತ್ತಿತ್ತು."

ಸಿಗ್ನಲ್ ಬಂತು. ನಿಲ್ಲಿಸಿದ. "ಗೊತ್ತು ಅಕ್ಕ," ಅಂದ. "ನೀನು ತಲೆ ತಗ್ಗಿಸ್ದೆ. ನೀನು ತಲೆ ತಗ್ಗಿಸಿದ್ರೆ ಸರಿಯಿದೆ ಅಂತ ತಾನೇ? ಅದಕ್ಕೇ ಕತ್ತರಿಸ್ದೆ."

ಅದು ನನಗೆ ಹೊಳೆದಿರಲೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ತಲೆ ತಗ್ಗಿಸಿದ ಆ ಗಳಿಗೆಯಲ್ಲೇ ಗೊತ್ತಿತ್ತು. ಇಷ್ಟು ವರ್ಷ ಅದರ ಹತ್ತಿರ ಹೋಗದೆ ಸುತ್ತು ಹಾಕಿದ್ದೆ. ಅವನ ಹೆಗಲ ಮೇಲೆ ಕೈ ಇಡಬೇಕೆನಿಸಿತು. ಇಡಲಾಗಲಿಲ್ಲ. ಹಸಿರು ಬಂತು, ಅವನು ಗಾಡಿ ಮುಂದೆ ಬಿಟ್ಟ. ಆಮೇಲೆ ಒಂದು ಪಾರ್ಕಿನ ಹತ್ತಿರ ಇಳಿದು ಹುಡುಗಿಗೆ ಐಸ್‌ಕ್ರೀಂ ಕೊಡಿಸಿದೆವು. ಹೋಗಲಿ ಬಿಡು ಎಂಬ ಮಾತು ಅವನ ಬಾಯಿಂದ ಬಂದೀತೆಂದು ಕಾದೆ; ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗೂ ಇರಲಿಲ್ಲ.

ಬರುವಾಗ ನಿಯರ್ ಸೈಡ್ ಆದ್ಯಳದ್ದು. ನಾನು ಆಫ್ ಸೈಡಿಗೆ ಹೋಗಿ ಕೂತೆ. ಟ್ರಯಲ್‌ನಲ್ಲಿ ಆ ಸೀಟಿನಲ್ಲಿ ನೆಮ್ಮದಿಯಾಗಿ ಕೂತು ಮುಂದೆ ನೋಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅಲ್ಲಿಂದ ಓಡಿಸುವವನ ಕತ್ತು ಕಾಣುವುದಿಲ್ಲ, ಮುಖ ಕಾಣುತ್ತದೆ. ಒಂದು ಪಕ್ಕದ ಕೆನ್ನೆ, ಕಣ್ಣಿನ ಅಂಚು, ತುಟಿಯ ತುದಿ. ಇಷ್ಟು ಸಣ್ಣ ವಿಷಯ ನನಗೆ ಎಂದೂ ತೋಚಿರಲಿಲ್ಲ.

"ಮಂಜ, ಗಾಡಿ ಓಡಿಸೋವಾಗ ಅಪ್ಪನ ಮುಖ ಹೆಂಗಿರ್ತಿತ್ತೋ?"

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ನಗ್ತಿದ್ರು. ಗಾಡಿ ಸರಿಯಾಗಿ ಓಡ್ತಿದ್ರೆ ಸುಮ್ನೆ ಒಬ್ರೇ ನಗ್ತಿದ್ರು. ಕೆರೆ ಏರಿ ಬರೋವರ್ಗೂ." ಒಂದು ತಿರುವು ದಾಟಿಸಿ ಕೇಳಿದ, "ನೀನು ನೋಡೇ ಇಲ್ವಾ?"

"ಇಲ್ಲ ಕಣೋ."

ಅವನು ಮತ್ತೆ ರಸ್ತೆಯ ಕಡೆ ನೋಡಿದ. ನಿದ್ದೆ ಹೋದ ತಮ್ಮನನ್ನು ಎಳೆದು ಆಚೆ ಒರಗಿಸಿ ನಾನು ಗಿಟ್ಟಿಸಿಕೊಂಡ ಸೀಟಿನಲ್ಲಿ ನನಗೆ ಸಿಕ್ಕಿದ್ದು ಅಪ್ಪನ ಬೆನ್ನು. ನಗುತ್ತಿದ್ದ ಅಪ್ಪನನ್ನು ನೋಡಿದ್ದವನು ಮಂಜ ಒಬ್ಬನೇ. ಆ ಮುಖ ಈಗ ಉಳಿದಿದ್ದರೆ ಅವನ ಕಣ್ಣಲ್ಲಿ ಮಾತ್ರ. ಬ್ಲ್ಯಾಕ್‌ಟೌನಿನ ಸಾಲುಮನೆಗಳು ಹಿಂದಕ್ಕೆ ಹೋಗುತ್ತಿದ್ದವು. ಆದ್ಯ ಮುಂದೆ ಬಾಗಿ ಅವರಪ್ಪನ ಹೆಗಲ ಮೇಲೆ ಕೈ ಇಟ್ಟುಕೊಂಡೇ ನಿದ್ದೆ ಹೋಗಿದ್ದಳು. ನಾನು ಅವಳನ್ನು ಸರಿಸಲಿಲ್ಲ. ಕಾರು ಸದ್ದಿಲ್ಲದೆ, ಚೆನ್ನಾಗಿ ಓಡುತ್ತಿತ್ತು. ನಾನು ಆಫ್ ಸೈಡಿನಲ್ಲಿ ಕೂತು ನನ್ನ ತಮ್ಮನ ತುಟಿಯ ತುದಿಯನ್ನೇ ನೋಡುತ್ತಾ, ಮನೆಯ ತಿರುವು ಇನ್ನೂ ಸ್ವಲ್ಪ ದೂರವಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.